ಗಟ್ಟಿಮೇಳ ಮೊದಲು, ತಾಳಿ ಆಮೇಲೆ

ಮಧುಗಿರಿಯ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಪಾಠ ಹೇಳುತ್ತೇನೆ. ಅದು ಸಂಬಳದ ಕೆಲಸ. ಸಂಬಳವಿಲ್ಲದ ಕೆಲಸ ಇನ್ನೊಂದಿದೆ: ವಿಡಿಯೋವನ್ನು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಬದಲಿಸುವ ಸಾಫ್ಟ್‌ವೇರ್ ಒಂದನ್ನು ದುರಸ್ತಿ ಮಾಡುವುದು. ಅದಕ್ಕೆ ಮಾಲೀಕರಿಲ್ಲ. ಬೇಕಾದವರು ಬಳಸಬಹುದು, ತಿಳಿದವರು ತಿದ್ದಬಹುದು. ತಿದ್ದುವ ನಾವು ನಾನಾ ದೇಶಗಳಲ್ಲಿ ಚದುರಿಕೊಂಡಿದ್ದೇವೆ. ಒಬ್ಬರ ಮುಖ ಒಬ್ಬರು ನೋಡಿಲ್ಲ. ಜಗಳ ಮಾತ್ರ ಒಂದೇ ಮನೆಯವರಂತೆ ಆಡುತ್ತೇವೆ.

ಕೆಲವು ವರ್ಷಗಳ ಹಿಂದೆ ಅದರ ಒಳಭಾಗವನ್ನೆಲ್ಲ ಬಿಚ್ಚಿ ಹೊಸದಾಗಿ ಜೋಡಿಸುವುದೆಂದು ತೀರ್ಮಾನವಾಯಿತು. ಹಳೆಯದರಲ್ಲಿ ವಿಡಿಯೋ ಓದುವುದು, ಚಿತ್ರಗಳನ್ನು ಬಿಡಿಸುವುದು, ಮತ್ತೆ ಹೊಸ ರೂಪದಲ್ಲಿ ಕಟ್ಟುವುದು ಎಲ್ಲವೂ ಒಂದಕ್ಕೊಂದು ಕಾಯುತ್ತಾ ನಡೆಯುತ್ತಿದ್ದವು. ಹೊಸದರಲ್ಲಿ ಎಲ್ಲವೂ ಏಕಕಾಲಕ್ಕೆ ನಡೆಯಬೇಕು. ಷರತ್ತು ಒಂದೇ, ವೇಗವೊಂದನ್ನು ಬಿಟ್ಟು ಹೊರಗಿನವರಿಗೆ ಏನೂ ಬದಲಾದಂತೆ ಕಾಣಬಾರದು.

ನಮ್ಮತ್ತೆ ಒಂದು ಸಂಜೆ ಸೊಪ್ಪು ಸೋಸುತ್ತಾ ಕೇಳಿದರು: "ತಿಂಗ್ಳುಗಟ್ಲೆಯಿಂದ ಕುಟ್ತಾ ಇದ್ದೀಯಲ್ಲಮ್ಮ, ಮುಗುದ್ಮೇಲೆ ಏನ್ ಬದಲಾಯ್ತದೆ?"

"ಏನೂ ಬದಲಾಗಬಾರದು ಅತ್ತೆ, ಅದೇ ಕೆಲಸ."

"ಅಂಗಾದ್ರೆ ಈಗ್ಲೇ ಮುಗ್ದಂಗಾಯ್ತು ಬುಡು."

ಅವರಷ್ಟು ಚೆನ್ನಾಗಿ ಆ ಯೋಜನೆಯನ್ನು ಇನ್ಯಾರೂ ಅರ್ಥಮಾಡಿಕೊಂಡಿರಲಿಲ್ಲ.

ನನ್ನ ಪಾಲಿಗೆ ಬಂದದ್ದು ಚಿತ್ರಕ್ಕೂ ಧ್ವನಿಗೂ ವೇಳೆ ಹೊಂದಿಸುವ ಭಾಗ. ಅಲ್ಲೊಂದು ಹಳೆಯ ದೋಷ ಸಿಕ್ಕಿತು. ಪ್ರತಿ ಚಿತ್ರವೂ ಒಂದು ಹಂತದಿಂದ ಮುಂದಿನ ಹಂತಕ್ಕೆ ಹೋಗುವಾಗ ಅದರ ವೇಳೆಯಲ್ಲಿ ಕೂದಲೆಳೆಯಷ್ಟು ಕಳೆದುಹೋಗುತ್ತಿತ್ತು. ಚಿಕ್ಕ ವಿಡಿಯೋದಲ್ಲಿ ಅದು ಲೆಕ್ಕಕ್ಕೇ ಇಲ್ಲ. ಗಂಟೆಗಟ್ಟಲೆ ಓಡುವುದಾದರೆ ಧ್ವನಿ ಮೆಲ್ಲಮೆಲ್ಲನೆ ಹಿಂದೆ ಬೀಳುತ್ತಿತ್ತು. ಹೊಸ ಜೋಡಣೆಯಲ್ಲಿ ಆ ದೋಷ ತಾನಾಗಿಯೇ ಹೋಯಿತು. ಕಾಣದ ಸಂಗಾತಿಗಳು ಶಭಾಷ್ ಎಂದರು. ನಾನೂ ಹಿಗ್ಗಿದೆ.

ಹಿಗ್ಗಿ ಸುಮ್ಮನಿರಬೇಕಿತ್ತು. ಶಿರಾದಲ್ಲಿ ಮದುವೆ ವಿಡಿಯೋ ತೆಗೆಯುವವರೊಬ್ಬರು ನನಗೆ ಪರಿಚಯ. ನಮ್ಮ ಮನೆಯ ಹಳೆಯ ಕ್ಯಾಸೆಟ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಟ್ಟವರು. ಅವರು ಬಳಸುತ್ತಿದ್ದದ್ದೂ ಇದೇ ಸಾಫ್ಟ್‌ವೇರ್. ಹೊಸದು ಬಹಳ ವೇಗ, ಹಾಕಿಕೊಳ್ಳಿ ಎಂದು ನಾನೇ ಫೋನ್ ಮಾಡಿ ಹೇಳಿದೆ. ಮದುವೆಗಳ ಕಾಲ. ಅವರು ಹಾಕಿಕೊಂಡರು, ಸರಸರನೆ ವಿಡಿಯೋ ಮಾಡಿ ಹಂಚಿದರು.

ಕೆಲವು ದಿನಗಳಲ್ಲಿ ಅವರದೇ ಫೋನು ಬಂತು. "ಅರೆ ಮೇಡಂ, ಏನ್ ತಮಾಷಾ ಮಾಡಿಬಿಟ್ರಿ ನೀವು? ಒಂದ್ಸಲ ಅಂಗಡಿಗೆ ಬನ್ನಿ."

ಭಾನುವಾರ ಬಸ್ಸು ಹತ್ತಿ ಹೋದೆ. ಅವರು ಶಿರಾ ಹತ್ತಿರದ ತಾವರೆಕೆರೆಯ ಮದುವೆಯೊಂದನ್ನು ಪರದೆಗೆ ಹಾಕಿದರು. ಗಂಡಿನ ಕಡೆಯವರು ಪಾವಗಡ ತಾಲ್ಲೂಕಿನ ತಿರುಮಣಿಯವರು, ಪುರೋಹಿತರನ್ನೂ ತೆಲುಗು ಮಾತಿನ ಆ ಕಡೆಯಿಂದಲೇ ಕರೆತಂದಿದ್ದರು. ಮುಹೂರ್ತದ ಹೊತ್ತು. ಪುರೋಹಿತರು ಬಾಯಿ ಮುಚ್ಚಿಕೊಂಡು ನಿಂತಿದ್ದಾರೆ; "ಗಟ್ಟಿಮೇಳಂ! ಗಟ್ಟಿಮೇಳಂ!" ಎಂದು ಅವರದೇ ದನಿ ಕೇಳುತ್ತದೆ, ಡೋಲು ಮೊಳಗುತ್ತದೆ. ಅದಾದ ಮೇಲೆ ಅವರು ನಿಧಾನವಾಗಿ ಕೈ ಎತ್ತುತ್ತಾರೆ.

ವಿಡಿಯೋದವರನ್ನು ಕೇಳಿದಾಗ ವಿಷಯ ತಿಳಿಯಿತು. ಧ್ವನಿ ಹಿಂದೆ ಬೀಳುವುದನ್ನು ಅವರು ಬಹಳ ಹಿಂದೆಯೇ ಗಮನಿಸಿ, ಪ್ರತಿ ಮದುವೆಯಲ್ಲೂ ಅದನ್ನು ಮೊದಲೇ ಅಷ್ಟು ಮುಂದಕ್ಕೆ ಎಳೆದಿಡುತ್ತಿದ್ದರು. ಈಗ ದೋಷ ಹೋಗಿತ್ತು, ಎಳೆಯುವುದು ಉಳಿದಿತ್ತು.

"ಇನ್ನು ಮೇಲೆ ಎಳೆಯಬೇಡಿ, ಅಷ್ಟೇ," ಎಂದೆ.

"ಅಷ್ಟೇನಾ? ಎಲ್ಲಾ ಬರಾಬರ್ ಸೆಟ್ ಮಾಡ್ಕೊಂಡಿದೀನಿ ಮೇಡಂ. ತಪ್ಪು ಹೆಂಗಿತ್ತೋ ಹಂಗೇ ವಾಪಸ್ ಕೊಟ್ಬಿಡಿ. ಅದು ನನಗೆ ಒಗ್ಗಿತ್ತು."

ಅವರ ಬೇಡಿಕೆಯನ್ನು ಸಂಗಾತಿಗಳ ಮುಂದೆ ಇಟ್ಟೆ. ಇಂಥ ದೂರು ಬೇರೆ ಕಡೆಗಳಿಂದಲೂ ಬಂದಿತ್ತಂತೆ. ವಾರಗಟ್ಟಲೆ ವಾಗ್ವಾದ ನಡೆದು, ಬೇಕೆಂದವರಿಗೆ ಹಳೆಯ ದೋಷ ಸಿಗುವಂತೆ ಒಂದು ಆಯ್ಕೆ ಕೊಡುವುದೆಂದಾಯಿತು. ಅದನ್ನು ಬರೆಯುವ ಕೆಲಸ ನನಗೇ ಬಿತ್ತು. ತಪ್ಪೊಂದನ್ನು ಅಣುವಿನಷ್ಟೂ ತಪ್ಪಿಲ್ಲದಂತೆ ಮತ್ತೆ ಕಟ್ಟುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು. ದೋಷ ತೆಗೆದಾಗ ನಮ್ಮ ತಂಡದವರು ಮಾತ್ರ ಹೊಗಳಿದ್ದರು. ವಾಪಸ್ ಇಟ್ಟಾಗ ಕಂಡುಕೇಳರಿಯದ ಊರುಗಳಿಂದ ಧನ್ಯವಾದ ಬಂತು.

ಅಷ್ಟರಲ್ಲಿ ತಾವರೆಕೆರೆಯಲ್ಲಿ ಬೇರೆಯದೇ ನಡೆದಿತ್ತು. ವಿಡಿಯೋ ನೋಡಿದ ಹುಡುಗಿಯ ಅಜ್ಜಿ ತಪ್ಪನ್ನು ವಾಲಗದವರ ಮೇಲೆ ಹೊರಿಸಿ, ಡೋಲು ಬಾರಿಸಿದ್ದ ಅದೇ ಊರಿನ ಹಿರಿಯರೊಂದಿಗೆ ಮಾತು ಬಿಟ್ಟಿದ್ದರಂತೆ. ಸರಿಯಾದ ವಿಡಿಯೋ ತೆಗೆದುಕೊಂಡು ನಾನೂ ಶಿರಾದವರೂ ಅಜ್ಜಿಯ ಮನೆಗೆ ಹೋದೆವು. ಆ ಹಿರಿಯರನ್ನೂ ಕರೆಸಿದೆವು. ಟಿ.ವಿ.ಯಲ್ಲಿ ಪುರೋಹಿತರ ಕೈ ಏರಿತು, ತಕ್ಷಣ ಡೋಲು ಮೊಳಗಿತು.

"ನೋಡವ್ವ," ಎಂದರು ಹಿರಿಯರು. "ಐನೋರ ಕೈ ನೋಡ್ದೆ ನಾನು ಯಾವತ್ತಾದ್ರೂ ಕೋಲು ಇಕ್ಕಿದ್ದುಂಟಾ?"

ಅಜ್ಜಿ ಕಣ್ಣು ಕಿರಿದು ಮಾಡಿ ನಮ್ಮ ಮೂವರನ್ನೂ ನೋಡಿ, ಹಿರಿಯರ ಕಡೆ ತಿರುಗಿದರು. "ಅಲ್ಲ ಕಣ್ಲಾ, ಶಿರಾಕ್ಕೋಗಿ ತಿದ್ದುಸ್ಕೊಂಬಂದ್ಬುಟ್ಟು ನಂಗೇ ತೋರುಸ್ತೀಯಾ? ಜೊತೆಗೆ ಮೇಷ್ಟ್ರಮ್ಮನ್ನ ಬೇರೆ ಕರ್ಕೊಂಬಂದವ್ನೆ!"

ತಪ್ಪಾಗಿದ್ದದ್ದು ಮೊದಲಿನದೇ ಎಂದು ನಾನು ಬಿಡಿಸಿ ಹೇಳಿದೆ. ಹೇಳಿದಷ್ಟೂ ಅವರ ಅನುಮಾನ ಗಟ್ಟಿಯಾಯಿತು. ಕೊನೆಗೆ ಕಾಫಿ ಕೊಟ್ಟು ಕಳಿಸಿದರು. ಹಿರಿಯರು ಲೋಟ ಮುಟ್ಟಲಿಲ್ಲ. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಮುಂದಿನ ವರ್ಷ ಆ ಮನೆಯಲ್ಲಿ ಎರಡನೆಯ ಮೊಮ್ಮಗಳ ಮದುವೆ. ನನಗೂ ಕರೆ ಬಂತು. ಡೋಲಿನವರು ಅದೇ ಹಿರಿಯರು, ಊರಿನ ವಾಲಗವನ್ನು ಬಿಟ್ಟು ಬೇರೆಯವರನ್ನು ಕರೆಯುವ ಮಾತಿರಲಿಲ್ಲ. ಆದರೆ ಅಜ್ಜಿ ಅವರ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪುರೋಹಿತರು ಕೈ ಎತ್ತಿ ಕೂಗಿದರು. ಹಿರಿಯರು ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಪುರೋಹಿತರ ಕೈಯನ್ನು ಚೆನ್ನಾಗಿ ನೋಡಿ, ಖಾತ್ರಿ ಮಾಡಿಕೊಂಡು, ತಲೆಯಾಡಿಸಿದರು. ಆಗ ಡೋಲು ಮೊಳಗಿತು. ಅಷ್ಟು ಹೊತ್ತಿಗೆ ತಾಳಿಯ ಮೊದಲ ಗಂಟು ಬಿದ್ದಾಗಿತ್ತು.

ಕ್ಯಾಮೆರಾ ಇಳಿಸಿ ಶಿರಾದವರು ನನ್ನ ಹತ್ತಿರ ಬಂದರು. "ಮೇಡಂ, ಈ ಡೋಲಿನ ಸೌಂಡನ್ನ ಮುಂದಕ್ಕೆ ಎಳೀಲಾ, ಇಲ್ಲಾ ಹಿಂಗೇ ಬಿಡ್ಲಾ?"

"ನನ್ನನ್ನು ಕೇಳಬೇಡಿ," ಎಂದು ಊಟದ ಪಂಕ್ತಿಯ ಕಡೆ ನಡೆದೆ.