ಮಡಿಲಲ್ಲಿ ಬೀಡಿಯ ಗೆರಸೆ

ಪ್ರೊಫೆಸರರು ಕೈಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದರು. ಎದುರಿಗೆ ಕೂತವನು ಅಳುತ್ತಿರುವಾಗ ತಾವು ಗಂಟೆ ನೋಡಿದ್ದು ಅವನಿಗೆ ತಿಳಿಯಬಾರದಂತೆ. ಐವತ್ತು ನಿಮಿಷವಾದೊಡನೆ ಆ ಕೈ ಮೆಲ್ಲನೆ ಅಂಗಾತವಾಗುತ್ತಿತ್ತು. ಬಾಗಿಲ ಸಂದಿಯಿಂದ ಅದನ್ನು ಕಂಡು ನಾನು ಮುಂದಿನವರ ಹೆಸರು ಕರೆಯುತ್ತಿದ್ದೆ.

ಮೈಸೂರಿನವರು. ಎಪ್ಪತ್ತರ ದಶಕದ ಕೊನೆಗೆ ಮಣಿಪಾಲದಲ್ಲಿ ಬಾಡಿಗೆ ಕೋಣೆ ಹಿಡಿದು ಮನೋವಿಶ್ಲೇಷಣೆ ಆರಂಭಿಸಿದ್ದರು. ಕಾಪುವಿನಿಂದ ಬಸ್ಸಿನಲ್ಲಿ ಬರುತ್ತಿದ್ದ ನಾನು ಅವರ ಟೈಪಿಸ್ಟ್, ತುಳು ದುಭಾಷಿ, ಫ್ಯಾನು ನಿಂತಾಗ ಇಲೆಕ್ಟ್ರಿಶಿಯನ್. "ಕೊಲೆಗಾರ ಕೊಲ್ಲುವುದು ಎದುರಿಗಿದ್ದವರನ್ನಲ್ಲಯ್ಯ, ಒಳಗಿದ್ದವರನ್ನು," ಎನ್ನುತ್ತಿದ್ದರು. ಸಾಯುವುದು ಮಾತ್ರ ಎದುರಿಗಿದ್ದವರೇ ಎಂದು ನನಗೆ ಅನಿಸುತ್ತಿತ್ತು. ಸಂಬಳದವನು ಅನಿಸಿದ್ದನ್ನೆಲ್ಲ ಹೇಳುವುದಿಲ್ಲ.

ಮೂವರು ಹೆಂಗಸರನ್ನು ಒಬ್ಬೊಬ್ಬರಾಗಿ ಕೊಂದು ಜೀವಾವಧಿ ಶಿಕ್ಷೆಯಲ್ಲಿದ್ದ ಕುಕ್ಕುಂದೂರಿನ ಒಬ್ಬನ ಬಗ್ಗೆ ಅವರು ಪುಸ್ತಕ ಬರೆಯತೊಡಗಿದರು. ಅನುಮತಿ ಪಡೆದು ತಿಂಗಳಿಗೊಮ್ಮೆ ಇಬ್ಬರೂ ಜೈಲಿಗೆ ಹೋಗುತ್ತಿದ್ದೆವು. ಅವನು ಕೊಲೆಗಳನ್ನು ಬಸ್ಸಿನ ವೇಳಾಪಟ್ಟಿ ಓದುವವನಂತೆ ತುಳುವಿನಲ್ಲಿ ಹೇಳುತ್ತಿದ್ದ. ನಾನು ಅದೇ ದನಿಯಲ್ಲಿ ಕನ್ನಡಕ್ಕಿಳಿಸಿ, ಮನೆಗೆ ಬಂದು ಬಂಗುಡೆ ಸಾರಿನಲ್ಲಿ ಉಣ್ಣುತ್ತಿದ್ದೆ.

"ನನಗೆ ಎಂತದೂ ಆಗುವುದಿಲ್ಲ ಸರ್," ಎಂದೆ ಒಮ್ಮೆ.

"ಆಗುತ್ತಿದೆ. ನಿನ್ನ ಮನಸ್ಸು ನಿನಗೆ ತಿಳಿಸಿಲ್ಲ, ಅಷ್ಟೆ," ಎಂದರು.

ಪುಸ್ತಕದಲ್ಲಿ ಮೊದಲು ಅವರು ಕೈದಿಯ ತಂದೆಯನ್ನು ಹಿಡಿದರು. ಮಗನ ಒಳಗಿನ ಭಯಕ್ಕೆಲ್ಲ ತಂದೆಯೇ ಮೂಲವೆಂದು ನಲವತ್ತು ಪುಟ. ತಡೆಯಲಾರದೆ ಹೇಳಿದೆ: "ಸರ್, ತಾಯಿಯ ಕಡೆಯಿಂದ ವಂಶ ನಡೆಯುವ ನಮ್ಮ ಅಳಿಯಕಟ್ಟಿನ ಮನೆಗಳಲ್ಲಿ ತಂದೆ ನೆಂಟನ ಹಾಗೆ. ಬೆತ್ತ ಇರುವುದು ಅಮ್ಮನ ಅಣ್ಣನ ಕೈಯಲ್ಲಿ." ನಲವತ್ತು ಪುಟ ಹರಿದು, ಮುಂದಿನ ತಿಂಗಳು ಮಾವನನ್ನು ವಿಚಾರಿಸಿದರು. ಮಾವ ಇವನು ಹುಟ್ಟುವ ಮೊದಲೇ ತೀರಿದ್ದ. ಹೀಗೆ ನನ್ನ ಜಾಣತನದಿಂದ ಗಂಡಸರೆಲ್ಲ ಬಿಡುಗಡೆಯಾಗಿ ಕಟಕಟೆಯಲ್ಲಿ ತಾಯಿಯೊಬ್ಬಳೇ ಉಳಿದಳು.

"ಅಮ್ಮನ ಮಡಿಲಲ್ಲಿ ಯಾವಾಗಲೂ ಬೀಡಿಯ ಗೆರಸೆ," ಎಂದಿದ್ದ ಅವನು. ಎಲೆ, ಹೊಗೆಸೊಪ್ಪು ಹರಡಿದ, ಮೊರದಂಥ ಆ ಗೆರಸೆಯ ಮೇಲೆ ಪ್ರೊಫೆಸರರು ಏಳು ಪುಟ ಬರೆದರು. ಸಿಗದ ಮಡಿಲಿನ ಸೇಡನ್ನು ಮಗ ಪರರ ಮೇಲೆ ತೀರಿಸಿಕೊಂಡನಂತೆ. ಒಂದಕ್ಷರ ತಪ್ಪದೆ ಟೈಪ್ ಮಾಡಿದೆ.

ಒಂದು ಮಧ್ಯಾಹ್ನ ಆ ತಾಯಿಯೇ ಕಾರ್ಕಳ ಬಸ್ಸಿನಲ್ಲಿ ಬಂದರು. ಕುರ್ಚಿ ಕೊಟ್ಟರೂ ನೆಲದಲ್ಲೇ ಕೂತು ತುಳುವಿನಲ್ಲಿ ನನಗೆ ಹೇಳಿದರು: "ಡಾಕ್ಟರು ಎಲ್ಲ ಕಂಡುಹಿಡಿದಿದ್ದಾರಂತೆ. ಇವನು ಹೀಗಾದದ್ದು ನನ್ನಿಂದವಾ, ಕೇಳಿ ಹೇಳು ಮಗಾ. ಹೌದಾದರೆ ಆ ಮೂರು ಮನೆಗೂ ಹೋಗಿ ಕಾಲು ಹಿಡಿಯಲಿಕ್ಕುಂಟು."

ಪ್ರೊಫೆಸರರು ನನ್ನಿಂದ ಗೆರಸೆಯ ವಿಷಯ ಕೇಳಿಸಿದರು.

"ಮತ್ತೆಲ್ಲಿ ಇಟ್ಟು ಬೀಡಿ ಕಟ್ಟುವುದು?" ಎಂದರು ಆಕೆ.

ಅವರು ನನ್ನತ್ತ ತಿರುಗಿದರು. "ನಿಮ್ಮಲ್ಲಿ ಎಲ್ಲರೂ ಹೀಗೆಯೇನಯ್ಯ?"

"ಬೀಡಿ ಕಟ್ಟುವವರೆಲ್ಲ ಹೀಗೆಯೇ ಸರ್. ನನ್ನ ಅಮ್ಮನೂ."

"ಟೈಪ್ ಮಾಡುವಾಗ ಏಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ ಸರ್."

ತಂದೆಯ ವಿಷಯ ಕೇಳದೆಯೇ ಹೇಳಿದ್ದೆನೆಂಬುದು ಇಬ್ಬರಿಗೂ ನೆನಪಿತ್ತು.

ಅವರು ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ತಮ್ಮ ಬಾಯಿಂದಲೇ ಆಕೆಗೆ ತಿಳಿಯದಿರಲೆಂದು ಇಂಗ್ಲಿಷಿನಲ್ಲಿ, "ನನಗೆ ಗೊತ್ತಿಲ್ಲ ಎಂದು ಹೇಳು," ಎಂದರು.

ನಾನು ತುಳುವಿನಲ್ಲಿ ಹೇಳಿದೆ: "ನಿಮ್ಮಿಂದ ಅಲ್ಲವಂತೆ ಅಮ್ಮ. ಎಲ್ಲ ಪರೀಕ್ಷೆ ಮಾಡಿಯೇ ಹೇಳುವುದಂತೆ."

ಆಕೆ ಕೈಮುಗಿದು ಹೋದರು. ಪ್ರೊಫೆಸರರಿಗೆ ಅಷ್ಟು ಹೊತ್ತಿಗೆ ಒಂದಿಷ್ಟು ತುಳು ಬರುತ್ತಿತ್ತು.

"ನಾನು ಹೇಳಿದ್ದು ತುಳುವಿನಲ್ಲಿ ಅಷ್ಟು ಉದ್ದವಾಗುತ್ತದೇನಯ್ಯ?"

"ಸ್ವಲ್ಪ ಮರ್ಯಾದೆ ಸೇರಿಸಿದೆ ಸರ್."

ಅವರು ಫೈಲಿನಿಂದ ಏಳು ಪುಟ ಬಿಡಿಸಿ ನನ್ನ ಕೈಗಿತ್ತರು. ಬೈಯಲಿಲ್ಲ. ಪುಸ್ತಕ ಹೊರಬರಲಿಲ್ಲ. ಮತ್ತೆ ಜೈಲಿಗೆ ಹೋದಾಗ ಅವರು ಅವನ ಬಾಲ್ಯ ಕೇಳಲಿಲ್ಲ, ಸತ್ತ ಆ ಮೂವರ ಹೆಸರು ಹೇಳಿಸಿದರು. ಮೂರನೆಯದು ಅವನಿಗೆ ನೆನಪಿರಲಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಪ್ರೊಫೆಸರರು ಮೈಸೂರಿನಲ್ಲಿ ತೀರಿಕೊಂಡರು. ಕಾರ್ಡು ಬಂದ ದಿನವೂ ನಾನು ಹೊಟ್ಟೆತುಂಬ ಉಂಡೆ. ಏಳು ಪುಟ ಈಗಲೂ ನನ್ನಲ್ಲಿ ಉಂಟು; ಹರಿಯಬೇಕೆಂದು ತೆಗೆದು, ಒಂದಕ್ಷರ ತಪ್ಪಿಲ್ಲದ್ದನ್ನು ನೋಡಿ, ಹಾಗೇ ಇಡುತ್ತೇನೆ. ಎಂತದೂ ಆಗುವುದಿಲ್ಲ. ಆಗುತ್ತಿರಬೇಕು, ನನಗಿನ್ನೂ ತಿಳಿಸಿಲ್ಲ.