ಪೆರುಮಾಳ್ ಕೊಡದ ಎರಡು ಸಾವಿರ

ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸ್‌ನ ಸಾಲುಮನೆಗಳಲ್ಲಿ ಬೆಳೆದವರಿಗೆ ಹಾಜರಿ ನೋಡುವ ಟೈಮ್‌ಕೀಪರ್ ಎಂದರೆ ದೊಡ್ಡ ನಂಬಿಕೆ. ಪೆರುಮಾಳನ ಅಪ್ಪ ಗಣಿಗಿಳಿಯುವಾಗ ತನ್ನ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು, ಮೇಲೆ ಬಂದಾಗ ಅದನ್ನು ಟೈಮ್‌ಕೀಪರ್‌ಗೆ ಒಪ್ಪಿಸುತ್ತಿದ್ದ. ಒಂದು ಬಿಲ್ಲೆ ಬಾರದಿದ್ದರೆ ಒಬ್ಬ ಇನ್ನೂ ಕೆಳಗಿದ್ದಾನೆ ಎಂದರ್ಥ. ಅವನು ಬರುವವರೆಗೆ ಟೈಮ್‌ಕೀಪರ್ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ಗಣಿ ಮುಚ್ಚಿದ ಮೇಲೆ ಪೆರುಮಾಳ್ ಬಂಗಾರಪೇಟೆ ರಸ್ತೆಯ ಬೋಲ್ಟ್ ಕಾರ್ಖಾನೆ ಸೇರಿದ. ಹತ್ತೊಂಬತ್ತು ವರ್ಷವಾಯಿತು. ಜನವರಿಯಲ್ಲಿ ಅಲ್ಲಿನ ಟೈಮ್‌ಕೀಪರ್ ವಿಜಯಕುಮಾರ್ ಒಂದು ಫಾರಂ ಮುಂದಿಟ್ಟು, "ಕಲ್ಯಾಣ ನಿಧಿ ಅಣ್ಣ, ಸೈನ್ ಆಕು" ಎಂದ. ಪೆರುಮಾಳ್ ಓದದೆ ಸಹಿ ಹಾಕಿದ. ಕೇಳಿದವನು ಟೈಮ್‌ಕೀಪರ್ ಅಲ್ಲವೇ!

ಮುಂದಿನ ಎರಡು ಸಂಬಳದಲ್ಲಿ ಸಾವಿರ ಸಾವಿರ ಕಡಿತವಾಯಿತು.

ಆಗ ಪೆರುಮಾಳ್ ಬೇರೊಂದು ಕೆಲಸದಲ್ಲಿ ಮುಳುಗಿದ್ದ. ಸಾಲುಮನೆಗಳ ಹಕ್ಕುಪತ್ರಕ್ಕಾಗಿ ಅರ್ಜಿ ಬರೆಸಿ ಮನೆಮನೆ ತಿರುಗುತ್ತಿದ್ದ. ಎಂಬತ್ತನಾಲ್ಕು ಮನೆಗಳಲ್ಲಿ ಅರವತ್ತೊಂದು ಸಹಿ ಆಗಿದ್ದವು. ಈ ಮನೆಗಳನ್ನೆಲ್ಲ ಕೆಡವಿ ಕೈಗಾರಿಕಾ ಪಾರ್ಕ್ ಮಾಡುತ್ತೇನೆಂದು ಒಬ್ಬ ಅಭ್ಯರ್ಥಿ ಮೈಕಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದ.

ಚುನಾವಣೆಗೆ ಮೂರು ವಾರವಿರುವಾಗ ಪಕ್ಕದ ಮನೆಯ ಚಿರಂಜೀವಿ ಬೀದಿ ನಲ್ಲಿಯ ಬಳಿ ಆ ಅಭ್ಯರ್ಥಿಯ ಕರಪತ್ರ ಹಿಡಿದು ಎಲ್ಲರಿಗೂ ಕೇಳುವಂತೆ ಓದಿದ: "ನಮಗೆ ಸ್ವಇಚ್ಛೆಯಿಂದ ದೇಣಿಗೆ ನೀಡಿದ ಶ್ರಮಿಕರು. ಪೆರುಮಾಳ್, ಎರಡು ಸಾವಿರ." ಓದು ನಿಲ್ಲಿಸಿ ಪೆರುಮಾಳನತ್ತ ತಿರುಗಿದ. "ಏನ್ಲಾ, ನಮ್ಮನೆ ಕೆಡವಕ್ಕೆ ಅಡ್ವಾನ್ಸ್ ಕೊಟ್ಟಿದ್ದೀಯಾ?"

ಕೊಡ ಹಿಡಿದಿದ್ದ ಪೆರುಮಾಳನ ಹೆಂಡತಿ ಕನಕಮ್ಮ ಗಂಡನನ್ನೇ ನೋಡಿದಳು. "ಪೊಂಗಲ್ ಸೀರೆಗೆ ಕಾಸಿಲ್ಲ ಅಂದೆ. ಅವ್ನಿಗೆ ಇತ್ತಾ?"

ಚಿರಂಜೀವಿ ಕೈಚಾಚಿದ. "ಅರ್ಜಿ ಇಲ್ಲಿ ಕೊಡು. ನಿನ್ನ ಕೈಲಿ ಬೇಡ."

ಪೆರುಮಾಳ್ ಮನೆಯೊಳಗಿಂದ ಅರ್ಜಿ ತಂದುಕೊಟ್ಟ. ಕಲ್ಯಾಣ ನಿಧಿಯೆಂದು ಸಂಬಳದಲ್ಲಿ ಕಡಿದ ಎರಡು ಸಾವಿರ ಎಲ್ಲಿಗೆ ಹೋಯಿತೆಂದು ಅವನಿಗೆ ಈಗ ಗೊತ್ತಾಗಿತ್ತು.

ಅವತ್ತು ನಾಲ್ಕು ಗಂಟೆಗೆ ಪಾಳಿ ಮುಗಿಯಿತು. ಎಲ್ಲರೂ ಹಾಜರಿ ಯಂತ್ರಕ್ಕೆ ಹೆಬ್ಬೆರಳು ಒತ್ತಿ ಹೊರನಡೆದರು. ಪೆರುಮಾಳ್ ಒತ್ತಲಿಲ್ಲ. ಟೈಮ್‌ಕೀಪರ್ ಕೋಣೆಯ ಬೆಂಚಿನ ಮೇಲೆ ಕೂತ.

"ಒತ್ತಣ್ಣ. ನಿಂದು ಆಗ್ದೆ ಪಾಳಿ ರಿಪೋರ್ಟ್ ಓಗಲ್ಲ," ಎಂದ ವಿಜಯಕುಮಾರ್.

"ಗೊತ್ತು. ನನ್ನ ಫಾರಂ ಕೊಡು."

"ನೂರಾಹನ್ನೆರಡು ಜನ ಕೊಟ್ಟವ್ರೆ. ನಿಂಗೊಬ್ಬನಿಗೇನು ಉರಿ?"

"ಕೊಟ್ಟವರಲ್ಲ, ಕಿತ್ತುಕೊಂಡಿದ್ದು. ನನ್ನ ಬೆವರಿನ ಕಾಸಿಂದ ನನ್ನ ಮನೆ ಕೆಡವ್ತೀರಾ? ನಮ್ಮಪ್ಪನ ಕಾಲದಲ್ಲಿ ನಿನ್ನ ಕುರ್ಚೀಲಿ ಕೂತೋನು ಒಬ್ಬೊಬ್ಬನ ಜೀವ ಎಣಿಸ್ತಿದ್ದ. ನೀನು ನಮ್ಮ ಹೆಸರು ಮಾರ್ತೀಯ!"

ವಿಜಯಕುಮಾರನ ಫೋನ್ ಎರಡು ಸಲ ಹೊಡೆದುಕೊಂಡಿತು. ಮೇಲಿನವರು ವರದಿ ಕೇಳುತ್ತಿದ್ದರು. "ನನ್ನ ಕೆಲಸ ಓಗುತ್ತೆ ಕಣಣ್ಣ," ಎಂದ ಅವನು. ಈಗ ಅವನ ದನಿ ತಗ್ಗಿತ್ತು.

"ಓಗ್ಲಿ."

ಐದೂಕಾಲಿಗೆ ವಿಜಯಕುಮಾರ್ ಫಾರಂಗಳಿದ್ದ ಬೀರು ತೆರೆದ. ಪೆರುಮಾಳ್ ಫಾರಂ ಇಸಿದುಕೊಂಡು ಅದರ ಮೇಲೆ ತಾನೇ ಬರೆದ: "ಕಲ್ಯಾಣ ನಿಧಿ ಎಂದು ಹೇಳಿ ಸಹಿ ಪಡೆದರು. ಯಾವ ಅಭ್ಯರ್ಥಿಗೂ ನಾನು ದೇಣಿಗೆ ಕೊಟ್ಟಿಲ್ಲ." ಕೆಳಗೆ ವಿಜಯಕುಮಾರನಿಂದ ಸಹಿ, ತಾರೀಕು, ಸಮಯ ಹಾಕಿಸಿದ. ಆಮೇಲೆ ಹೆಬ್ಬೆರಳು ಒತ್ತಿದ.

ಮರುದಿನ ಬೆಳಿಗ್ಗೆ ಆ ಫಾರಂ ನಲ್ಲಿಯ ಹಿಂದಿನ ಗೋಡೆಯ ಮೇಲಿತ್ತು. ಚಿರಂಜೀವಿ ಎರಡು ಸಲ ಮನಸ್ಸಿನಲ್ಲೇ ಓದಿಕೊಂಡು, ಅರ್ಜಿಯನ್ನು ಪೆರುಮಾಳನ ಮುಂದೆ ಹಿಡಿದ.

"ನಿನ್ನೆ ಜೋರಾಗಿ ಓದಿದ್ಯಲ್ಲ," ಎಂದ ಪೆರುಮಾಳ್, ಕೈ ಚಾಚದೆ. "ಇದನ್ನೂ ಜೋರಾಗಿ ಓದು. ಆಮೇಲೆ ಕೊಡು."