ಹಾಳೆಯ ಬೆನ್ನಿನ ಹೆಸರು

ನಜೀಬುಲ್ಲಾ ಸಾಹೇಬರಷ್ಟು ಹಟಮಾರಿ ಗುರು ಸೂಲಿಬೆಲೆ ಹೋಬಳಿಯಲ್ಲಿ ಇನ್ನೊಬ್ಬರಿರಲಿಲ್ಲ. ರೇಷ್ಮೆಹುಳುವಿನ ಮೊಟ್ಟೆಗಳನ್ನು ಪರೀಕ್ಷೆ ಮಾಡಿ ರೈತರಿಗೆ ಬಿಡುವುದು ಅವರ ಕೆಲಸ. ಯುದ್ಧಕ್ಕೆ ಪ್ಯಾರಾಚೂಟಿನ ಬಟ್ಟೆ ಬೇಕೆಂದು ಊರೂರೂ ಹುಳು ಸಾಕುತ್ತಿದ್ದ 1943ರಲ್ಲಿ ನಾನು ಕೆಲಸ ಕಲಿಯಲು ಅವರ ಬಳಿ ಸೇರಿದೆ. ಎಂಟು ತಿಂಗಳು ಮೈಕ್ರೋಸ್ಕೋಪು ಮುಟ್ಟಲು ಬಿಡಲಿಲ್ಲ. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಗಾಜಿಗೆ ಹಚ್ಚಿಕೊಡುವುದಷ್ಟೇ ನನ್ನ ಪಾಲು. ಒಳಗೊಳಗೇ ಬೈದುಕೊಂಡಿದ್ದೇನೆ, ಸುಳ್ಳೇಕೆ ಹೇಳಲಿ.

ಆಮೇಲೆ ಕಲಿಸಿದರು ನೋಡಿ, ಕಲಿಸಿದ್ದೆಂದರೆ ಅದು. ಅರೆದ ಚಿಟ್ಟೆಯಲ್ಲಿ ಅಕ್ಕಿನುಚ್ಚಿನಂಥ ಹೊಳೆಯುವ ಕಾಳು ಕಂಡರೆ ಗಂಟುರೋಗ. ಅಂಥ ಮೊಟ್ಟೆ ಹೊರಗೆ ಹೋದರೆ ಹತ್ತಾರು ಮನೆಯ ಹುಳು ಸಾಯುತ್ತದೆ, ಅದಕ್ಕೇ ಸುಡಬೇಕು. ಚಿಟ್ಟೆ ಮೊಟ್ಟೆಯಿಟ್ಟ ಹಾಳೆಯ ಬೆನ್ನಿಗೆ ಹುಳು ಸಾಕಿದವರ ಹೆಸರಿರುತ್ತಿತ್ತು. ಪುಸ್ತಕದಲ್ಲಿ ಬರೆಯುವ ಮೊದಲೇ ಹಾಳೆ ತಿರುವಿದರೆ ಕೈಮೇಲೆ ರೂಲುದೊಣ್ಣೆಯ ಏಟು. "ಮೊದ್ಲು ಬರಿ, ಹೆಸ್ರು ಆಮೇಲೆ ನೋಡು" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಹಾಳೆಗಳ ಕೊನೆಯ ಕಟ್ಟಿನ ಚಿಟ್ಟೆಗಳಲ್ಲಿ ಆ ಕಾಳು ಕಂಡವು. ಮೊದಲ ಹಾಳೆಯಿಂದ ಕಡೆಯ ಹಾಳೆಯವರೆಗೂ ಅದೇ ಗತಿ. 'ಸುಡುವುದು' ಎಂದು ಬರೆದು ಹಾಳೆ ತಿರುವಿದೆ. ತಾಹಿರಾ ಎಂದಿತ್ತು. ಸಾಹೇಬರ ಮಗಳು.

ಅವಳ ಗಂಡ ಬರ್ಮಾ ಯುದ್ಧಕ್ಕೆ ಹೋಗಿ, ಸುದ್ದಿಯಿಲ್ಲದೆ ವರ್ಷವಾಗಿತ್ತು. ಎರಡು ಮಕ್ಕಳನ್ನು ಕಟ್ಟಿಕೊಂಡು ತವರು ಸೇರಿದ್ದವಳು, ಯಾರ ಹಂಗೂ ಬೇಡವೆಂದು ಮೊದಲ ಸಲ ತಾನೇ ಹುಳು ಸಾಕಿದ್ದಳು. ಈ ಮೊಟ್ಟೆ ಮಾರಿ ಬರುವ ದುಡ್ಡು ಬಿಟ್ಟರೆ ಅವಳಿಗೆ ಬೇರೆ ಆಧಾರವಿರಲಿಲ್ಲ.

"ಸಾಹೇಬ್ರೇ, ನನ್ದೇ ತಪ್ಪಿರ್ಬೇಕು. ನೀವೊಂದ್ಸಲ ನೋಡ್ಬಿಡಿ."

"ನೋಡಿದ್ದೀನಪ್ಪಾ. ಬೆಳಿಗ್ಗೇನೇ ಮೂರು ಸಲ ನೋಡ್ದೆ. ಮೂರು ಸಲಾನೂ ಕಾಳೇ ಇಲ್ಲ ಅಂತ್ಲೇ ಕಾಣ್ತು." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕಣ್ಣು ಚೆನ್ನಾಗೇ ಇದೆ ಸಂಜೀವಪ್ಪ. ಮಗಳದ್ದು ಅಂತ ಗೊತ್ತಿತ್ತಲ್ಲ, ನನ್ನ ಮೇಲೆ ನನಗೇ ನಂಬಿಕೆ ಬರ್ಲಿಲ್ಲ. ಅದಕ್ಕೇ ನಿನ್ ಕಟ್ಟುಗಳ ಜೊತೆ ಸೇರಿಸ್ಬಿಟ್ಟೆ."

ನನ್ನ ಕೈಗೆ ಹೊಡೆದು ಕಲಿಸಿದವರು ಈಗ ತಮ್ಮ ಮಗಳ ಅನ್ನವನ್ನೇ ಆ ಕೈಗೆ ಒಪ್ಪಿಸಿದ್ದರು. ಬರೆದದ್ದನ್ನು ಹೊಡೆದುಹಾಕುತ್ತೇನೆಂದೆ. ಅವರು ಕಟ್ಟನ್ನೂ ಬೆಂಕಿಪೊಟ್ಟಣವನ್ನೂ ಎತ್ತಿಕೊಂಡು ಮನೆಯ ಹಿತ್ತಿಲಿಗೆ ನಡೆದರು. ನಾನೂ ಹಿಂದೆ ಹೋದೆ.

ಹೊಗೆ ನೋಡಿ ತಾಹಿರಾ ಓಡಿ ಬಂದಳು. ಉರಿಯುತ್ತಿರುವುದು ತನ್ನ ಹಾಳೆಗಳೆಂದು ತಿಳಿದಾಗ ಅವಳ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. "ಇದನ್ನ ನೋಡಿದ್ದು ಯಾರು ಅಬ್ಬಾ?" ಎಂದಳು.

ಸಾಹೇಬರು ನನಗೆ ಅಡ್ಡವಾಗಿ ಬಂದು ನಿಂತರು.

"ನಾನೇ ಬೇಟಿ. ಇವನು ಚೆನ್ನಾಗಿದೆ ಅಂದ. ನಾನೇ ಒಪ್ಲಿಲ್ಲ."

ಅವರ ಬಾಯಲ್ಲಿ ನಾನು ಕೇಳಿದ ಒಂದೇ ಒಂದು ಸುಳ್ಳು ಅದು. ಹಾಗಲ್ಲ ಎನ್ನಬೇಕಿತ್ತು. ಎನ್ನಲಿಲ್ಲ. ನನ್ನಂಥ ಹೇಡಿಯನ್ನು ನಾನು ಬೇರೆ ಕಂಡಿಲ್ಲ.

ಆರು ವರ್ಷದ ಮೇಲೆ ಸಾಹೇಬರು ತೀರಿಕೊಂಡರು. ಅಲ್ಲಿಯವರೆಗೂ ತಾಹಿರಾ ಅಪ್ಪನೊಡನೆ ಒಂದು ಮಾತೂ ಆಡಲಿಲ್ಲ. ದಿನವೂ ಬೆಳಿಗ್ಗೆ ಅವರ ಚಹಾವನ್ನು ಸುಮ್ಮನೆ ಮೇಜಿನ ಮೇಲಿಟ್ಟು, ನನ್ನ ಲೋಟವನ್ನು ಮಾತ್ರ ಕೈಗೆ ಕೊಟ್ಟು "ತಗೊಳ್ಳಿ ಸಂಜೀವಪ್ಪಣ್ಣ" ಎನ್ನುತ್ತಿದ್ದಳು. ನಾನು ತೆಗೆದುಕೊಂಡು ಕುಡಿಯುತ್ತಿದ್ದೆ.